ಹೇಮಾವತಿಯ ದಡದಲ್ಲಿ ಕ್ರಿಸ್‌ಮಸ್

ಡಿಸೆಂಬರ್ 24ರ ಸಂಜೆ ಕತ್ತಲು ಕವಿಯುವ ಹೊತ್ತಿಗೆ ಬೆಂಗಳೂರಿನಿಂದ ಹಾಸನದ ಕಡೆಗೆ ಹೊರಟ ಬಸ್ಸುಗಳು ಒಂದರ ಹಿಂದೊಂದಾಗಿ ಚನ್ನರಾಯಪಟ್ಟಣವನ್ನು ಮುಟ್ಟುತ್ತವೆ. ಕಾಫಿಗೆಂದು ಇಳಿದವರು ಶಾಲು ಬಿಗಿದುಕೊಳ್ಳುವಷ್ಟು ಚಳಿ. ಇಳಿದವರಲ್ಲಿ ಅರ್ಧದಷ್ಟು ಮಂದಿ ಸಕಲೇಶಪುರದ ಕಾಡನ್ನೋ ಬೇಲೂರಿನ ಶಿಲಾಬಾಲಿಕೆಯರನ್ನೋ ನೋಡಹೊರಟ ವಿಹಾರಿಗಳು. ಅವರ ಗದ್ದಲವೇ ಬೇರೆ. ಉಳಿದವರನ್ನು ಗುರುತಿಸುವುದು ಕಷ್ಟವಲ್ಲ. ಕೈಯಲ್ಲಿ ಕೇಕಿನ ಪೆಟ್ಟಿಗೆ, ಚೀಲದ ಬಾಯಿಂದ ಇಣುಕುವ ಮಡಿಸಿದ ಕಾಗದದ ನಕ್ಷತ್ರ, ಗಳಿಗೆಗೊಮ್ಮೆ ಗಡಿಯಾರದ ಕಡೆಗೆ ಕಣ್ಣು. ನಡುರಾತ್ರಿಯ ಪೂಜೆಗೆ ಮುಂಚೆ ಊರು ಸೇರಬೇಕೆಂಬ ಆತುರ ಅವರದು. ದೀಪಾವಳಿಯ ಹಿಂದಿನ ರಾತ್ರಿ ಇದೇ ನಿಲ್ದಾಣದಲ್ಲಿ ಇಂತಹದೇ ಆತುರವನ್ನು ಕಂಡವರಿಗೆ ಇದು ಹೊಸದೇನೂ ಅಲ್ಲ. 2017ರಲ್ಲಿ ಬೆಂಗಳೂರಿನಿಂದ ಕುಣಿಗಲ್, ಶ್ರವಣಬೆಳಗೊಳಗಳ ಮೇಲೆ ಹಾಸನಕ್ಕೆ ನೇರವಾದ ರೈಲುಮಾರ್ಗ ತೆರೆದ ಮೇಲಂತೂ ಊರಿನ ದಾರಿ ಇನ್ನಷ್ಟು ಹತ್ತಿರವಾಗಿದೆ.

ಆದರೂ ಎಲ್ಲರಿಗೂ ಬರಲಾಗುವುದಿಲ್ಲ. ರಜೆ ಸಿಕ್ಕದವರು, ಕಡಲಾಚೆ ಇರುವವರು, ಇನ್ನು ಎಂದಿಗೂ ಬಾರದವರು — ಹೀಗೆ ಪ್ರತಿಯೊಂದು ಮನೆಯ ಹಬ್ಬದಲ್ಲಿಯೂ ಒಂದೆರಡು ಮಣೆಗಳು ಬರಿದಾಗಿಯೇ ಉಳಿಯುತ್ತವೆ. ಅಗಲಿಕೆಯ ಮಾತು ಬಂದಾಗ ಚನ್ನರಾಯಪಟ್ಟಣದ ನೆಲದಲ್ಲಿ ಹಳೆಯದೊಂದು ಕಥೆ ನೆನಪಾಗದೆ ಇರದು. ಇದೇ ತಾಲ್ಲೂಕಿನ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಕಟ್ಟಿಸಿದ ಬಸದಿಯಿದೆ. ಶಾಂತಲೆ ತೀರಿಕೊಂಡದ್ದು ಮಾತ್ರ ಇಲ್ಲಲ್ಲ, ದೂರದ ಶಿವಗಂಗೆಯಲ್ಲಿ, 1131ರಲ್ಲಿ. ಮಗಳ ಅಗಲಿಕೆಯನ್ನು ತಾಳಲಾರದೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಅನ್ನ ತೊರೆದು ದೇಹವನ್ನು ನೀಗಿದಳೆಂದು ಅಲ್ಲಿನ ಶಾಸನ ಹೇಳುತ್ತದೆ. ಬೇಲೂರಿನ ಶಾಂತಲೆಯನ್ನು ಬಲ್ಲ ಪ್ರವಾಸಿಗಳಲ್ಲಿ ಎಷ್ಟು ಮಂದಿ ಈ ತಾಯಿಯನ್ನು ಬಲ್ಲರೋ!

ಬಸ್ಸು ಹಾಸನವನ್ನು ಸೇರುವ ವೇಳೆಗೆ ಚಳಿ ಇನ್ನೂ ಏರಿರುತ್ತದೆ. ರಾಗಿಯ ಒಕ್ಕಣೆಯ ಕಾಲ. ಮಾರುಕಟ್ಟೆಯ ತುಂಬ ಸೊಗಡು ಸೂಸುವ ಅವರೆಕಾಯಿಯ ರಾಶಿ. ಕ್ರೈಸ್ತರ ಮನೆಗಳ ಮುಂದೆ ನಕ್ಷತ್ರದೀಪ ತೂಗುತ್ತಿರುತ್ತದೆ. ಮೂಲೆಯಲ್ಲಿ ಹುಲ್ಲು, ಮಣ್ಣು, ರಾಗಿಯ ಎಳೆಯ ಪೈರುಗಳಿಂದ ಹೂಡಿದ ಗೋದಲಿ. ಒಳಗಿನಿಂದ ಬರುವ ವಾಸನೆ ಯಾವ ಕನ್ನಡಿಗರ ಮನೆಯ ಹಬ್ಬದ್ದೋ ಹೇಳಲಾಗದು — ಅದೇ ಕರ್ಜಿಕಾಯಿ, ಅದೇ ಚಕ್ಕುಲಿ, ಅದೇ ಕಜ್ಜಾಯ. ಊರಿನ ಇನ್ನೊಂದು ಕಡೆ, ಹೆಸರಿನಲ್ಲಿಯೇ ಒಬ್ಬರ ಸ್ಮರಣೆಯನ್ನು ಹೊತ್ತಿರುವ ಹಳೆಯ ಮಿಷನ್ ಆಸ್ಪತ್ರೆ, ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ. ಯಾವ ಆಸ್ಪತ್ರೆಗೂ ಹಬ್ಬದ ರಜೆಯಿಲ್ಲ. ರಾತ್ರಿಯ ಪಾಳಿಯ ದಾದಿಗೆ ಮನೆಯ ನೆನಪು ಬಂದರೂ ಹತ್ತು ಹಾಸಿಗೆ ಸುತ್ತಿ ಬರುವಷ್ಟರಲ್ಲಿ ಅದನ್ನು ನುಂಗಿಕೊಳ್ಳಬೇಕು.

ದಾದಿಯಾದರೂ ಪಾಳಿ ಬದಲಾಯಿಸಿಕೊಳ್ಳಬಹುದು. ಆ ದಿನ ಯಾವ ಉಪಾಯದಿಂದಲೂ ಊರಿಗೆ ಹೋಗಲಾರದವನೊಬ್ಬನು ಪ್ರತಿಯೊಂದು ಚರ್ಚಿನಲ್ಲಿಯೂ ಇರುತ್ತಾನೆ. ಅವನೇ ಆ ಚರ್ಚಿನ ಪಾದ್ರಿ, ಜನರ ಬಾಯಲ್ಲಿ ಸ್ವಾಮಿ. ಎಲ್ಲರನ್ನೂ ಮನೆಗೆ ಕರೆಯುವ ಘಂಟೆಯನ್ನು ಬಾರಿಸುವವನಿಗೆ ಮನೆಯಿಲ್ಲ. ನಡುರಾತ್ರಿಯ ಪೂಜೆ ಮುಗಿದು, ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಶುಭಾಶಯ ಹೇಳಿ, ಮಲಗಿದ ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟುಹೋದ ಮೇಲೆ ದೀಪ ಆರಿಸಿ ಬಾಗಿಲು ಹಾಕುವವನು ಅವನೇ. ಹಾಸನ ಸೀಮೆಯಲ್ಲಿ ಈ ಒಂಟಿತನಕ್ಕೆ ಇನ್ನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದೆ.

ಆ ಚರಿತ್ರೆಯಲ್ಲಿ ಮರೆಯಲಾಗದ ಹೆಸರು ಅಬ್ಬೆ ದುಬ್ವಾ ಅವರದು. ದಕ್ಷಿಣ ಫ್ರಾನ್ಸಿನ ಅರ್ದೇಶ್ ಸೀಮೆಯ ಒಂದು ಹಳ್ಳಿಯವರು. ಫ್ರೆಂಚ್ ಕ್ರಾಂತಿಯ ಬಿರುಗಾಳಿಯ ನಡುವೆ, 1792ರಲ್ಲಿ, ದೀಕ್ಷೆ ಪಡೆದ ವರ್ಷವೇ ಭಾರತದ ಹಡಗು ಹತ್ತಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸುವ ಕೆಲಸ ಅವರ ಪಾಲಿಗೆ ಬಂತು. ಈ ನಾಡಿನವರ ಉಡುಪನ್ನೇ ಉಟ್ಟು, ಈ ನಾಡಿನವರ ಊಟವನ್ನೇ ಉಂಡು ಬದುಕಿದ ಅವರನ್ನು ಜನ ದೊಡ್ಡಸ್ವಾಮಿಯವರೆಂದು ಕರೆದರು. ಹಾಸನದ ಬಳಿಯ, ಹಳೆಯ ಗ್ಯಾಸೆಟಿಯರುಗಳಲ್ಲಿ ಸಾತಳ್ಳಿ ಎಂದು ಕಾಣಬರುವ ಊರಿನಲ್ಲಿ ನೆಲೆಯಿಲ್ಲದ ಕುಟುಂಬಗಳನ್ನು ಬೇಸಾಯಕ್ಕೆ ನಿಲ್ಲಿಸಿದವರು ಅವರು. ಸಿಡುಬಿನ ಲಸಿಕೆ ಈ ದೇಶಕ್ಕೆ ಬಂದು ವರ್ಷವೆರಡಾಗುವಷ್ಟರಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿದ ಜನರಿಗೆ ಅದನ್ನು ಹಾಕಿಸಿದರು. ಸಿಡುಬನ್ನು ಅಮ್ಮನೆಂದು ನಂಬಿದ್ದ ಹಳ್ಳಿಗಳಲ್ಲಿ ಈ ಕೆಲಸ ಎಷ್ಟು ಕಷ್ಟದ್ದೆಂಬುದನ್ನು ವಾಚಕರೇ ಊಹಿಸಬಲ್ಲರು.

ಅವರು ಹೆಸರುವಾಸಿಯಾದದ್ದು ಹಿಂದೂಗಳ ನಡೆನುಡಿಗಳ ಮೇಲಿನ ಪುಸ್ತಕದಿಂದ. ಅದರ ಹಸ್ತಪ್ರತಿಯನ್ನು 1807ರಲ್ಲಿ ಮದರಾಸಿನ ಸರಕಾರ 2000 ವರಹಗಳಿಗೆ ಕೊಂಡುಕೊಂಡಿತು. ಆ ಪುಸ್ತಕದಲ್ಲಿ ಕಟುಮಾತುಗಳೂ ಉಂಟು, ತಪ್ಪು ತೀರ್ಮಾನಗಳೂ ಉಂಟು. ಬಹುಭಾಗ ಕೂರ್ದೂ ಎಂಬ ಹಿಂದಿನ ಪಾದ್ರಿಯೊಬ್ಬರ ಬರವಣಿಗೆಯಿಂದ ಎತ್ತಿಕೊಂಡದ್ದೆಂದು 1987ರಲ್ಲಿ ಸಿಲ್ವಿಯಾ ಮುರ್ ಎಂಬ ವಿದುಷಿ ತೋರಿಸಿಕೊಟ್ಟರು. ಆ ವಾದ ಇಲ್ಲಿ ಬೇಡ. ಇಲ್ಲಿ ನೆನೆಯಬೇಕಾದದ್ದು ಅವರು ಕಳೆದ ಡಿಸೆಂಬರುಗಳನ್ನು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಹಡಗು ಆಫ್ರಿಕದ ತುದಿಯನ್ನು ಬಳಸಿಕೊಂಡು ಬರಬೇಕಾಗಿದ್ದಿತು. ಮನೆಯಿಂದ ಹೊರಟ ಕಾಗದ ಕೈ ಸೇರಲು ಐದಾರು ತಿಂಗಳು ಬೇಕು. ಕ್ರಿಸ್‌ಮಸ್ಸಿನಂದು ಬರೆದ ಕುಶಲವಾರ್ತೆ ಇಲ್ಲಿಗೆ ಬರುವ ವೇಳೆಗೆ ಮುಂಗಾರು ಹಿಡಿದಿರುತ್ತಿತ್ತು. ಅದೂ ಹಡಗು ನಡೆಯುವ ಕಾಲದಲ್ಲಿ. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ಇಂಗ್ಲಿಷರ ಹಿಡಿತದ ನಾಡಿನಲ್ಲಿ ಕುಳಿತ ಒಬ್ಬ ಫ್ರೆಂಚರವನಿಗೆ ಮನೆಯ ಸುದ್ದಿ ಎಷ್ಟು ದುರ್ಲಭವಾಗಿದ್ದೀತು!

ಅವರ ಸೀಮೆಯ ನೆರೆಯ ಪ್ರೊವಾನ್ಸ್ ಪ್ರಾಂತದಲ್ಲಿ ಒಂದು ಹಳೆಯ ವಾಡಿಕೆಯುಂಟು. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಕೂಡಿ ಊಟ ಮಾಡಿ, ಮೇಜಿನ ಮೇಲಿನ ಬಟ್ಟೆಯನ್ನೂ ಉಳಿದ ಊಟವನ್ನೂ ತೆಗೆಯದೆ ಬಿಟ್ಟು ನಡುರಾತ್ರಿಯ ಪೂಜೆಗೆ ಹೋಗುತ್ತಾರೆ. ಅಗಲಿಹೋದ ಹಿರಿಯರ ಆತ್ಮಗಳು ಬಂದು ಉಣ್ಣಲಿ ಎಂದು. ಮಹಾಲಯದಲ್ಲಿ ಎಡೆಯಿಡುವ ನಾಡಿನವರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೂವತ್ತೊಂದು ವರ್ಷಗಳ ಮೇಲೆ, 1823ರ ಜನವರಿಯಲ್ಲಿ, ದುಬ್ವಾ ಫ್ರಾನ್ಸಿಗೆ ಮರಳಿದರು. ಈ ನಾಡನ್ನು ಕ್ರೈಸ್ತಮತಕ್ಕೆ ತಿರುಗಿಸುವುದು ಆಗದ ಮಾತೆಂದು ಬಹಿರಂಗವಾಗಿ ಬರೆದವರು ಅವರು; ಅದಕ್ಕಾಗಿ ತಮ್ಮವರಿಂದಲೇ ಟೀಕೆಯನ್ನೂ ಉಂಡರು. ಪ್ಯಾರಿಸಿನಲ್ಲಿ ಇನ್ನೂ ಇಪ್ಪತ್ತೈದು ವರ್ಷ ಬಾಳಿ 1848ರಲ್ಲಿ ತೀರಿಕೊಂಡರು. ಅಲ್ಲಿ ಕುಳಿತು ಅವರು ಮಾಡಿದ ಕೆಲಸಗಳಲ್ಲಿ ಒಂದು, ದಕ್ಷಿಣ ಭಾರತದಲ್ಲಿ ಕೇಳಿ ಓದಿದ ಪಂಚತಂತ್ರವನ್ನು ಫ್ರೆಂಚಿಗೆ ತಿರುಗಿಸಿದ್ದು. ಅದು 1826ರಲ್ಲಿ ಅಚ್ಚಾಯಿತು. ಮೈಸೂರು ಸೀಮೆಯಲ್ಲಿದ್ದಾಗ ಫ್ರಾನ್ಸು ದೂರ; ಫ್ರಾನ್ಸಿನಲ್ಲಿದ್ದಾಗ ಕರಟಕ ದಮನಕರೇ ನೆಂಟರು.

ಅವರಂತೆ ಮರಳಿದವರು ಕಡಮೆ. ದುಬ್ವಾ ಸೇರಿದ್ದ ಪ್ಯಾರಿಸಿನ ಮಿಷನ್ನಿನಲ್ಲಿ ಹೊರಡುವುದೆಂದರೆ ಜೀವಮಾನಕ್ಕೆ ಹೊರಟಂತೆ. ಹೊರಡುವ ದಿನ ತರುಣ ಪಾದ್ರಿಗಳನ್ನು ವೇದಿಕೆಯ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದರು. ಉಳಿದವರು, ಬಂಧುಮಿತ್ರರು, ಒಬ್ಬೊಬ್ಬರಾಗಿ ಬಂದು ಅವರ ಪಾದಗಳಿಗೆ ಮುತ್ತಿಡುತ್ತಿದ್ದರು. ಹೆತ್ತವರು ಮಗನ ಕಾಲಿಗೆ ಬಾಗುವ ದೃಶ್ಯ! 1868ರಲ್ಲಿ ಕೂಬೆರ್ತಾಂ ಎಂಬ ಚಿತ್ರಕಾರ ಇದನ್ನು ದೊಡ್ಡ ವರ್ಣಚಿತ್ರವಾಗಿ ಬರೆದನು. ಚಿತ್ರದೊಳಗೆ ನಿಂತಿರುವ ಮಕ್ಕಳಲ್ಲಿ ಚಿತ್ರಕಾರನ ಮಗನೂ ಒಬ್ಬ. ಮುಂದೆ ಒಲಿಂಪಿಕ್ ಕ್ರೀಡೆಗಳಿಗೆ ಮರುಜೀವ ಕೊಟ್ಟ ಪಿಯೆರ್ ದ ಕೂಬೆರ್ತಾಂ ಇವನೇ. ಆ ಬೀಳ್ಕೊಡುಗೆಗೆಂದೇ ಒಂದು ಹಾಡು ಇದ್ದಿತು. ರಾಗ ಹಾಕಿದವರು ‘ಫೌಸ್ಟ್’ ಗೀತನಾಟಕದ ಗೂನೋ. ಮಾತುಗಳನ್ನು ಬರೆದವರು ಶಾರ್ಲ್ ದಾಲೆ ಎಂಬ ತರುಣ. 1852ರಲ್ಲಿ ಅವರನ್ನು ಕಳುಹಿಸಿದ್ದು ಮೈಸೂರಿಗೆ! ಮರಳಿ ಕಾಣದಂತೆ ಬೀಳ್ಕೊಳ್ಳುವ ಹಾಡನ್ನು ಬರೆದವರೇ ಕನ್ನಡನಾಡಿಗೆ ಬಂದರು. ಕೊನೆಗೆ 1878ರಲ್ಲಿ ವಿಯೆಟ್ನಾಮಿನ ನೆಲದಲ್ಲಿ ಮಣ್ಣಾದರು.

ಹೀಗೆ ಬಂದವರು ಈ ಸೀಮೆಯಲ್ಲಿ ಬಿಟ್ಟುಹೋದ ಗುರುತುಗಳಲ್ಲಿ ಕಣ್ಣಿಗೆ ಮೊದಲು ಬೀಳುವುದು ಶೆಟ್ಟಿಹಳ್ಳಿಯ ಚರ್ಚು. ಹಾಸನದಿಂದ ಗೊರೂರಿನ ದಾರಿಯಲ್ಲಿ ಸುಮಾರು 20 ಕಿಲೋಮೀಟರು ನಡೆದರೆ, ಹೊಲಗಳ ಅಂಚಿನಲ್ಲಿ ನೆಲ ಇಳಿಯುತ್ತ ಹೋಗಿ ನೀರು ಕಾಣುತ್ತದೆ. ಆ ನೀರಿನ ಬದಿಯಲ್ಲಿ ಮಾಡಿಲ್ಲದ, ಬಾಗಿಲಿಲ್ಲದ, ಎತ್ತರವಾದ ಚೂಪು ಕಮಾನುಗಳ ಒಂದು ಮಂದಿರ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ತಮ್ಮ ನಾಡಿನ ಗಾಥಿಕ್ ಶೈಲಿಯಲ್ಲಿ ಕಟ್ಟಿದ ಜಪಮಾಲೆ ಮಾತೆಯ ಗುಡಿ ಇದು. ಆ ಕಾಲದ ಮೈಸೂರಿನ ಬಿಷಪ್ಪರು ಶಾರ್ಬೊನೊ ಎಂಬವರು; ಲ್ಯಾಟಿನಿನಿಂದ ಕನ್ನಡಕ್ಕೆ ಅವರು ರಚಿಸಿದ ನಿಘಂಟು ಬೆಂಗಳೂರಿನ ಮಿಷನ್ ಮುದ್ರಣಾಲಯದಲ್ಲಿ 1861ರಲ್ಲಿ ಅಚ್ಚಾಯಿತು. ಒಂದು ಕೈಯಲ್ಲಿ ಕನ್ನಡದ ಮಾತುಗಳನ್ನು ಹೆಕ್ಕುತ್ತ, ಇನ್ನೊಂದು ಕೈಯಲ್ಲಿ ತವರಿನ ಕಮಾನುಗಳನ್ನು ಎತ್ತುತ್ತಿದ್ದ ಕಾಲವದು. ಹೊಲಗದ್ದೆಗಳ ನಡುವೆ, ಹಂಚಿನ ಮನೆ, ಹುಲ್ಲಿನ ಮನೆಗಳ ನಡುವೆ, ಅಷ್ಟು ಎತ್ತರದ ಕಮಾನೇಕೆ ಎಂದು ಕೇಳುವವರುಂಟು. ಮನೆಗೆ ಹೋಗಲಾರದವರು ಮನೆಯನ್ನೇ ಇಲ್ಲಿಗೆ ತಂದುಕೊಂಡರು ಎನ್ನುವುದಲ್ಲದೆ ಬೇರೆ ಉತ್ತರ ಹೊಳೆಯುವುದಿಲ್ಲ.

ಕಟ್ಟಿದವರಿಗೆ ಅದು ತವರಿನ ನೆನಪು. ಊರಿನವರಿಗೆ ಅದೇ ತವರು. ನೂರು ವರ್ಷಗಳಿಗೂ ಮೇಲೆ ಶೆಟ್ಟಿಹಳ್ಳಿಯವರು ಮಕ್ಕಳಿಗೆ ಹೆಸರಿಟ್ಟದ್ದು, ಮದುವೆಯಾದದ್ದು, ಸತ್ತವರನ್ನು ಕಳುಹಿಸಿಕೊಟ್ಟದ್ದು ಆ ಕಮಾನುಗಳ ಅಡಿಯಲ್ಲಿ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟಿನ ಕೆಲಸ 1968ರಲ್ಲಿ ಮೊದಲಾಗಿ 1979ರಲ್ಲಿ ಮುಗಿಯಿತು. ನೀರು ಹಿಂದಕ್ಕೆ ಏರಿತು. ಹೊಲ, ಮನೆ, ಕಣ, ಕಾಲುದಾರಿಗಳೆಲ್ಲ ಮುಳುಗಡೆಯ ಪಟ್ಟಿಗೆ ಸೇರಿ ಜನ ಬೇರೆ ಕಡೆಗೆ ಹೋಗಬೇಕಾಯಿತು. ಹೋಗುವವರು ಮನೆಯ ತೊಲೆ ಹೆಂಚುಗಳನ್ನು ಬಿಚ್ಚಿಕೊಂಡು ಹೋಗಬಹುದು. ಇಡೀ ಗುಡಿಯನ್ನು ಯಾರು ಹೊತ್ತಾರು? ಅದು ನಿಂತಲ್ಲೇ ನಿಂತಿತು.

ಅಂದಿನಿಂದ ಮುಂಗಾರು ಬಲವಾಗಿ ಜಲಾಶಯ ತುಂಬಿದಾಗಲೆಲ್ಲ ನೀರು ಆ ಕಮಾನುಗಳ ಒಳಕ್ಕೆ ಬರುತ್ತದೆ. ಗೋಡೆಯ ಅರ್ಧ ಮುಳುಗಿ, ಮೇಲಿನ ಅರ್ಧ ನೀರಿನಲ್ಲಿ ತನ್ನ ನೆರಳನ್ನು ನೋಡಿಕೊಳ್ಳುತ್ತದೆ. ಬೇಸಗೆಯಲ್ಲಿ ನೀರು ಇಳಿದು, ಬಿರಿದ ಕೆಸರಿನ ಮೇಲೆ ಕಾಲು ನಡಿಗೆಯಲ್ಲೇ ಒಳಗೆ ಹೋಗಬಹುದು. ಕ್ರಿಸ್‌ಮಸ್ ಬರುವುದು ಈ ಎರಡರ ನಡುವಣ ಕಾಲದಲ್ಲಿ. ಹೊರಗಿನಿಂದ ಬಂದವರು ಚಿತ್ರ ತೆಗೆಯುತ್ತಾರೆ, ದಾಂಪತ್ಯಕ್ಕೆ ಕಾಲಿಡುವವರು ಪೋಷಾಕು ತೊಟ್ಟು ನಿಲ್ಲುತ್ತಾರೆ, ಯಾರೋ ಗೋಡೆಯ ಮೇಲೆ ಹೆಸರು ಗೀಚುತ್ತಾರೆ. ಹೆಸರು ಗೀಚುವವರಿಗೆ ಆ ಗೋಡೆಯ ಒಳಗೆ ಹೆಸರು ಪಡೆದವರ ಯೋಚನೆ ಬಾರದಿರುವುದು ವಿಷಾದದ ಸಂಗತಿ. ವರ್ಷವರ್ಷಕ್ಕೂ ನೀರು ಗಾರೆಯನ್ನು ನೆಕ್ಕುತ್ತಿದೆ. ಗೋಡೆಗಳು ಭಾಗಭಾಗವಾಗಿ ಉರುಳುತ್ತಿವೆ.

ಹಿಂದೆ ಒಬ್ಬ ಪಾದ್ರಿಯ ಪಾಲಿಗೆ ಮಾತ್ರ ಇದ್ದ ಕಷ್ಟ ಈಗ ಇಡೀ ಊರಿನ ಪಾಲಿಗೆ ಬಂದಂತಾಯಿತು. ಬೇರೆಡೆಗೆ ಹೋದ ಮನೆಗಳಲ್ಲಿಯೂ ಹಬ್ಬ ನಡೆಯುತ್ತದೆ, ಗೋದಲಿ ಹೂಡುತ್ತಾರೆ. ಆದರೆ ಹಳೆಯ ಶೆಟ್ಟಿಹಳ್ಳಿಯನ್ನು ಕಣ್ಣಾರೆ ಕಂಡವರಿಗೆ ಈಗ ಅರವತ್ತೋ ಎಪ್ಪತ್ತೋ ವಯಸ್ಸು. ಬೆಂಗಳೂರಿನಲ್ಲಿರುವ ಮೊಮ್ಮಗ ಊರಿಗೆ ಬಂದೆನೆಂದಾಗ ಅವನ ಮನಸ್ಸಿನಲ್ಲಿರುವ ಊರು ಒಂದು, ಅಜ್ಜಿಯ ಮನಸ್ಸಿನಲ್ಲಿರುವ ಊರು ಇನ್ನೊಂದು. ಮೊಮ್ಮಗನಿಗೆ ಬಸ್ಸಿದೆ, ಅಜ್ಜಿಯ ಊರಿಗೆ ಹೋಗುವ ಬಸ್ಸು ಯಾವುದು?

ನೀರಿನ ಇನ್ನೊಂದು ತುದಿಯಲ್ಲಿ ಗೊರೂರು. ಹಳ್ಳಿಯ ಚಿತ್ರಗಳನ್ನು ಬರೆದ, ‘ಹೇಮಾವತಿ’ಯೆಂದೇ ಕಾದಂಬರಿಗೆ ಹೆಸರಿಟ್ಟ ರಾಮಸ್ವಾಮಿ ಅಯ್ಯಂಗಾರರು ಹುಟ್ಟಿದ್ದು ಇಲ್ಲಿ, 1904ರಲ್ಲಿ, 1991ರವರೆಗೆ ಬಾಳಿದ ಅವರು ತಮ್ಮ ಹೊಳೆ ಜಲಾಶಯವಾದುದನ್ನೂ ಕಂಡರು. ಇಳಿವಯಸ್ಸಿನಲ್ಲಿ ಸಾಗರದಾಚೆಗೆ ಹೋಗಿ ಬಂದು ಅವರು ಬರೆದ ಪುಸ್ತಕದ ಹೆಸರು ‘ಅಮೆರಿಕದಲ್ಲಿ ಗೊರೂರು’. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ಪುಸ್ತಕ ಅದು. ಆ ಹೆಸರಿನಲ್ಲಿ ಗೊರೂರು ಎಂದರೆ ಮನುಷ್ಯನೋ ಊರೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಈ ಸೀಮೆಯವರಿಗೆ ಊರನ್ನು ಹೆಸರಿನಲ್ಲಿಯೇ ಕಟ್ಟಿಕೊಂಡು ಹೋಗುವ ರೂಢಿಯುಂಟು. ಅ.ನ.ಕೃ. ಅವರು ಹುಟ್ಟಿದ್ದು ಕೋಲಾರದಲ್ಲಿ, ಬಾಳಿದ್ದು ಬೆಂಗಳೂರಿನಲ್ಲಿ. ಆದರೂ ಆ ಮೊದಲ ‘ಅ’ ಕಡೆಯವರೆಗೂ ಅರಕಲಗೂಡೇ ಆಗಿದ್ದಿತು.

ಅರಕಲಗೂಡಿನ ತಾಲ್ಲೂಕು ಒಂದು ಕಡೆ ಹೇಮಾವತಿಗೂ ಇನ್ನೊಂದು ಕಡೆ ಕಾವೇರಿಗೂ ಒರಗಿಕೊಂಡಿದೆ. ಹೊಗೆಸೊಪ್ಪು ಬೆಳೆಯುವ ನೆಲ. ಅಲ್ಲಿನ ರಾಮನಾಥಪುರದಲ್ಲಿ ಚಂಪಾಷಷ್ಠಿಗೆ ಸುಬ್ರಹ್ಮಣ್ಯೇಶ್ವರನ ತೇರು. ದೂರ ಹೋದ ಮಕ್ಕಳು ಮರಳುವ ದಿನಗಳಲ್ಲಿ ಅದೂ ಒಂದು. ತೇರಿಗೆ ಬಂದವರು ಹೊರಟು ಕೆಲವು ವಾರಗಳಾಗುವಷ್ಟರಲ್ಲಿ ಕ್ರಿಸ್‌ಮಸ್ಸಿನವರು ಬರುತ್ತಾರೆ. ಹೊಳೆನರಸೀಪುರದಲ್ಲಿ ಆ ವೇಳೆಗೆ ಧನುರ್ಮಾಸ. ಇನ್ನೂ ನಕ್ಷತ್ರಗಳಿರುವಾಗಲೇ ಲಕ್ಷ್ಮೀನರಸಿಂಹನ ಗುಡಿಯಲ್ಲಿ ಪೂಜೆ, ಹುಗ್ಗಿಯ ನೈವೇದ್ಯ. ಹಾಸನದಲ್ಲಿ ನಡುರಾತ್ರಿಯ ಪೂಜೆ ಮುಗಿಸಿ ಮಲಗಿದವರಿಗೆ ನಿದ್ದೆ ಹತ್ತಿದ ಹೊತ್ತಿಗೆ ಇಲ್ಲಿ ತಣ್ಣೀರ ಸ್ನಾನ ಮಾಡಿದವರು ನಡುಗುತ್ತ ಗುಡಿಯ ಮೆಟ್ಟಿಲು ಹತ್ತುತ್ತಿರುತ್ತಾರೆ. ಎರಡು ಹಬ್ಬಗಳ ನಡುವೆ ಇರುವುದು ಒಂದೇ ಹೊಳೆ, ಒಂದೇ ಚಳಿ.

ಹೊಳೆಯ ನೀರೆಲ್ಲ ಹೊಳೆನರಸೀಪುರಕ್ಕೆ ಇಳಿಯುವುದಿಲ್ಲ. ಗೊರೂರಿನ ಎಡದಂಡೆಯ ನಾಲೆ ಪೂರ್ವಕ್ಕೆ ಹರಿದು ಚನ್ನರಾಯಪಟ್ಟಣದ ಸೀಮೆಗೆ ಬರುತ್ತದೆ. ಬಾಗೂರಿನಿಂದ ನವಿಲೆಗೆ ನೆಲದಡಿಯಲ್ಲಿ ಕೊರೆದ ಸುರಂಗದ ಮೂಲಕ ತುಮಕೂರಿನ ಕಡೆಗೂ ಅದು ಹೋಗುತ್ತದೆ. ಮಳೆಯನ್ನೇ ನಂಬಿದ್ದ ಈ ಬಯಲಿನಲ್ಲಿ ತೆಂಗಿನ ತೋಟಗಳಿಗೂ ಬತ್ತದ ಗದ್ದೆಗಳಿಗೂ ಈ ನೀರೇ ಆಧಾರ. ಅಣೆಕಟ್ಟು ಬೇಡವಾಗಿತ್ತೆಂದು ಇಲ್ಲಿ ನಿಂತು ಹೇಳುವ ಧೈರ್ಯ ಯಾರಿಗೂ ಬಾರದು. ಅದರ ಬೆಲೆ ಅಲ್ಪವೆಂದು ಶೆಟ್ಟಿಹಳ್ಳಿಯ ಕಮಾನಿನ ಕೆಳಗೆ ನಿಂತು ಹೇಳಲೂ ಬಾರದು. ನಾಲೆಯ ಬದಿಯ ರೈತ ಆ ನೀರು ಯಾರ ಅಂಗಳವನ್ನು ದಾಟಿ ಬಂತೆಂದು ಕೇಳುವುದಿಲ್ಲ. ಕೇಳಬೇಕೆಂದೂ ಅಲ್ಲ.

ಕ್ರಿಸ್‌ಮಸ್ಸಿನ ಮಧ್ಯಾಹ್ನ ಊಟವಾದ ಮೇಲೆ ಮನೆಮನೆಗಳಲ್ಲಿ ದೂರವಾಣಿಯ ಹೊತ್ತು. ಈಗ ಮುಖವನ್ನೂ ಕಾಣಬಹುದು. ಕಡಲಾಚೆಯ ಮಗನಿಗೆ ಎಲೆಯ ಮೇಲಿನ ಕಜ್ಜಾಯವನ್ನು ತೋರಿಸಬಹುದು, ತಿನ್ನಿಸಲಾಗದು ಅಷ್ಟೆ. ದುಬ್ವಾ ಕಾಯುತ್ತಿದ್ದ ಐದಾರು ತಿಂಗಳು ಈಗ ಅರೆಗಳಿಗೆಯಾಗಿದೆ. ಆದರೂ ಮಾತು ಮುಗಿದು ಪರದೆ ಕಪ್ಪಾದ ಮೇಲೆ ಮುದುಕರು ಸ್ವಲ್ಪ ಹೊತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿರುತ್ತಾರೆ.

ಮಾರನೆಯ ದಿನ ಬೆಂಗಳೂರಿನ ಕಡೆಗೆ ಬಸ್ಸುಗಳು ತುಂಬಿ ಹೊರಡುತ್ತವೆ. ಹಬ್ಬದ ಭಾರ ಇಳಿದ ಸ್ವಾಮಿಗಳಿಗೂ ಆಗಲೇ ಒಂದೆರಡು ದಿನ ಬಿಡುವು. ಚನ್ನರಾಯಪಟ್ಟಣದ ನಿಲ್ದಾಣದಲ್ಲಿ ಬಿಳಿಯ ನಿಲುವಂಗಿಯನ್ನು ಮಡಿಸಿ ಚೀಲಕ್ಕೆ ಹಾಕಿ, ಸಾಮಾನ್ಯರ ಉಡುಪಿನಲ್ಲಿ ಬಸ್ಸು ಕಾಯುತ್ತಿರುವವರಲ್ಲಿ ಒಬ್ಬರು ಅಂತಹವರಿರುವುದುಂಟು. ಚೀಲದಲ್ಲಿ ಹತ್ತು ಮನೆಗಳವರು ಕಟ್ಟಿಕೊಟ್ಟ ಕರ್ಜಿಕಾಯಿಯ ಪೊಟ್ಟಣಗಳು. ಹೋಗುವುದು ತಾಯಿಯ ಮನೆಗೆ. ಹಬ್ಬ ಕಳೆದು ಎರಡು ದಿನವಾದರೂ ಆ ಮನೆಯಲ್ಲಿ ನಕ್ಷತ್ರದೀಪವನ್ನು ಇನ್ನೂ ಇಳಿಸಿರುವುದಿಲ್ಲ.